ಎಲ್ಲಾ ಮೊಬೈಲಿಗೆ ತುಂಬ್ಕೊಂಡ ಮೇಲೆ ಅತ್ತೆ ಮಾತು ಬಿಟ್ರು

ಮನೆಯವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ಅಂಥದ್ದೆಲ್ಲಾ ಬದಲಿಸಿದ್ದೀನಿ. ಶಿರಸಿ ಕಡೆ ಒಂದು ಅಡಿಕೆ ತೋಟದ ಮನೆ, ಅಷ್ಟು ಸಾಕು.

ಆಪ್ತಸಲಹೆಗೆ ಅಂತ ನನ್ನ ಹತ್ರ ಮೊದಲು ಬಂದಿದ್ದು ಸೊಸೆ, ಒಬ್ಬರೇ, ದೊಡ್ಡಹಬ್ಬ ಅಂದ್ರೆ ದೀಪಾವಳಿ ಮುಗಿದು ಒಂದು ವಾರಕ್ಕೆ. ಕೂತ ಕೂಡ್ಲೇ ಹೇಳಿದ್ದು, "ಮೇಡಂ, ನಮ್ಮ ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿದೆ ಅನ್ಸುತ್ತೆ." ಅತ್ತೆಗೆ 78. ಮಾವ ತೀರಿಕೊಂಡು ಎರಡು ವರ್ಷ. ಮಳೆಗಾಲದಿಂದ ಮಾತು ಕಮ್ಮಿ, ಅಡುಗೆಮನೆಗೆ ಬರಲ್ಲ, ತಂಬುಳಿಗೆ ಏನು ಹಾಕ್ಲಿ ಅಂತ ಕೇಳಿದ್ರೆ "ಗೊತ್ತಿಲ್ಲೆ" ಅಂತಾರಂತೆ. ಐವತ್ತೈದು ವರ್ಷ ಆ ಒಲೆ ಮುಂದೆ ನಿಂತವರು. ದೊಡ್ಡಹಬ್ಬದ ದಿನ ಕೊಟ್ಟಿಗೆಗೂ ಹೋಗ್ಲಿಲ್ಲ, ದನಕ್ಕೆ ಹಾರ ಕಟ್ಟೋದು ಪ್ರತಿವರ್ಷ ಅವರದ್ದೇ ಕೆಲಸ, ಈ ಸಲ ಜಗಲಿ ಮೇಲೆ ಕೂತು ನೋಡ್ತಾ ಇದ್ರು ಅಷ್ಟೇ. ಅದನ್ನ ಹೇಳುವಾಗ ಸೊಸೆ ಕಣ್ಣಲ್ಲಿ ನೀರು. ಅತ್ತೆ-ಸೊಸೆ ಜಗಳದ ಕೇಸು ನನ್ನ ಹತ್ರ ಬೇಕಾದಷ್ಟು ಬರ್ತವೆ, ಇದು ಅದಲ್ಲ ಅಂತ ಆಗಲೇ ಗೊತ್ತಾಯ್ತು.

ಮುಂದಿನ ವಾರ ಅತ್ತೆನ ಕರ್ಕೊಂಡು ಬಂದ್ರು. "ಯಂಗೆ ಎಂತೂ ಆಜಿಲ್ಲೆ ತಂಗಿ" (ನಂಗೆ ಏನೂ ಆಗಿಲ್ಲ) ಅಂತ ಕೂತ್ರು. ನಾನು ಅಭ್ಯಾಸದಂತೆ ನೋಟ್‌ಬುಕ್ ತೆಗೆದು ಬರ್ಕೊಳ್ಳೋಕೆ ಶುರು ಮಾಡಿದೆ. ಅವರು ನನ್ನ ಪೆನ್ನನ್ನೇ ನೋಡ್ತಾ "ನೀನೂ ಬರ್ಕತ್ಯ?" ಅಂದ್ರು, ಆಮೇಲೆ ಆವತ್ತಿನ ಅರ್ಧ ಗಂಟೆ ಬಾಯಿ ಬಿಡ್ಲಿಲ್ಲ. ಆ "ನೀನೂ" ಯಾಕೆ ಅಂತ ನನಗೆ ಹೊಳೆದಿದ್ದು ರಾತ್ರಿ ಊಟಕ್ಕೆ ಕೂತಾಗ. ನಾನೂ ಅಂದ್ರೆ, ನನಗಿಂತ ಮುಂಚೆ ಯಾರೋ ಬರ್ಕೊಂಡಿದ್ದಾರೆ.

ಸೊಸೆಗೆ ಫೋನ್ ಮಾಡಿ ಕೇಳಿದೆ. ಆಗ ಹೊರಗೆ ಬಂತು. ಬೆಂಗಳೂರಲ್ಲಿ ಓದೋ ಮೊಮ್ಮಗಳು ಫೆಬ್ರವರಿಯಲ್ಲಿ ಆಲೆಮನೆ (ಕಬ್ಬು ಅರೆದು ಬೆಲ್ಲ ಮಾಡೋದು) ಟೈಮಿಗೆ ಬಂದಾಗ, ಆಮೇಲೆ ಮೇ ರಜೆಯಲ್ಲಿ, ಅಮ್ಮಮ್ಮನ ಎಲ್ಲಾ ವಿಡಿಯೋ ಮಾಡ್ಕೊಂಡಿದ್ದಾಳೆ. ತೊಡೆದೇವು ಅನ್ನೋ ಸಿಹಿ ತಿಂಡಿ, ಅಪ್ಪೆಮಿಡಿ ಉಪ್ಪಿಗೆ ಹಾಕೋದು, ಮದುವೆ ಹಾಡು, ಆರತಿ ಹಾಡು, ಒಟ್ಟು ಅರವತ್ತರ ಮೇಲೆ ವಿಡಿಯೋ. ಹಾಡು ಬರೆದಿಟ್ಟ ಪಟ್ಟಿಯನ್ನೂ ತಗೊಂಡು ಹೋಗಿದ್ದಾಳೆ. ಮಗ ಮೆತ್ತಿನ ಮೇಲಿದ್ದ ಟ್ರಂಕ್ ಇಳಿಸಿ ಫೋಟೋ ಎಲ್ಲಾ ಸ್ಕ್ಯಾನಿಗೆ ಕೊಟ್ಟಿದ್ದಾನೆ, ಟ್ರಂಕು ತುಕ್ಕು ಹಿಡಿದಿತ್ತು ಅಂತ ಗುಜರಿಗೆ. ಜಗಲಿ ಗೋಡೆಗೆ ಬಣ್ಣ ಹೊಡೆಸುವಾಗ ಮಾವನ ಫೋಟೋನೂ ಇಳಿಸಿದ್ರು, ಗಾಜಿನ ಒಳಗೆ ಬೂಸ್ಟು ಬಂದಿತ್ತಂತೆ, ಅದೂ ಸ್ಕ್ಯಾನಿಗೆ ಹೋಯ್ತು. ಬದಲಿಗೆ ಒಂದು ಡಿಜಿಟಲ್ ಫ್ರೇಮ್ ತಂದಿಟ್ಟಿದ್ದಾರೆ, ಹತ್ತು ಸೆಕೆಂಡಿಗೊಂದು ಫೋಟೋ ಬದಲಾಗೋದು.

ಎಲ್ಲಾ ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ನನಗೆ ಡೌಟಿಲ್ಲ.

ಎರಡನೇ ಸಲ ನೋಟ್‌ಬುಕ್ ಡ್ರಾಯರಿಗೆ ಹಾಕಿ, ಅವರಿಗೆ ಕಾಣೋ ಹಾಗೆ ಹಾಕಿ, ಕೂತೆ. ಕಷಾಯ ಕುಡಿದ್ವಿ. ಗೋಡೆ ಬಣ್ಣ ಚೆನ್ನಾಗಿ ಬಂತಾ ಅಂತಷ್ಟೇ ಕೇಳಿದ್ದು. ಸುಮಾರು ಹೊತ್ತು ಬಿಟ್ಟು ಹೇಳಿದ್ರು, ದಿನಾ ಬೆಳಗ್ಗೆ ಎದ್ದು ಗಂಡನ ಫೋಟೋಕ್ಕೆ ಒಂದು ದಾಸವಾಳ ಸಿಕ್ಕಿಸ್ತಾ ಇದ್ರಂತೆ, ಈಗ ಹೂವು ಕೊಯ್ದು ತಂದು ಆ ಟೀವಿ ಹಂಗಿರೋದರ ಮುಂದೆ ನಿಂತ್ರೆ ಯಾರದ್ದೋ ಹುಟ್ಟುಹಬ್ಬದ ಫೋಟೋ ಇರುತ್ತೆ, ಕಾದು ಕಾದು ಅವರು ಬರೋ ಹೊತ್ತಿಗೆ ಹೂವು ಎಲ್ಲಿಡೋದು ಅಂತ ನೋಡೋದರೊಳಗೆ ಹೋಗಿಬಿಡ್ತಾರೆ. ಅಷ್ಟು ಹೇಳಿ ಸ್ವಲ್ಪ ನಕ್ರು ಕೂಡ. ಆಮೇಲೆ, "ಎಲ್ಲಾ ಮೊಬೈಲಿಗೆ ತುಂಬಿಕಂಡಿದ್ದ, ಇನ್ನು ಆನು ಎಂತಕ್ಕೆ?" ಇನ್ನು ನಾನು ಯಾಕೆ ಅಂತ.

ಮನೆಯವರು ಇವರು ಸಾಯೋ ತಯಾರಿ ಮಾಡ್ತಿದ್ದಾರೆ ಅಂತ ಅವರಿಗೆ ಅನ್ನಿಸಿಬಿಟ್ಟಿತ್ತು. ಗೋದಾಮು ಖಾಲಿ ಮಾಡಿ ಬೀಗ ಕೈಗೆ ಕೊಟ್ಟ ಹಾಗೆ.

ಇಲ್ಲಿ ಒಂದು ಮಾತು, ಇದನ್ನ ಓದಿ ಯಾರೂ ಡಾಕ್ಟರ ಹತ್ರ ಹೋಗೋದು ಬೇಡ ಅಂದ್ಕೋಬೇಡಿ. ವಯಸ್ಸಾದವರು ಸುಮ್ಮನಾದ್ರೆ ಮೊದಲು ದೇಹ ನೋಡ್ಬೇಕು. ನಾನು ಕಳಿಸಿದ್ದು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಮತ್ತೆ ಕಿವಿ ಟೆಸ್ಟಿಗೆ. ಬಿ12 ಕಮ್ಮಿ ಇತ್ತು, ಬಲಗಿವಿ ಬಹಳ ಮಂದ ಆಗಿತ್ತು, ಅದು ಮನೇಲಿ ಯಾರಿಗೂ ಗೊತ್ತೇ ಇರ್ಲಿಲ್ಲ, ಕರೆದ್ರೆ ತಿರುಗಲ್ಲ ಅನ್ನೋದನ್ನೂ ಮರೆವಿನ ಲೆಕ್ಕಕ್ಕೆ ಸೇರಿಸಿದ್ರು. ವಯಸ್ಸಾದವರ ಖಿನ್ನತೆಗೆ ಹೌದು-ಅಲ್ಲ ಅಂತ ಉತ್ತರ ಹೇಳೋ 15 ಪ್ರಶ್ನೆಯ ಪಟ್ಟಿ ಒಂದಿದೆ, 5 ದಾಟಿದ್ರೆ ಗಂಭೀರವಾಗಿ ನೋಡ್ಬೇಕು, ಇವರದ್ದು 8. ನೆನಪು ಮಾತ್ರ ಗಟ್ಟಿ. ನಿನ್ನೆ ಏನು ತಿಂದ್ರಿ ಅಂದ್ರೆ ಸರಿಯಾಗಿ ಹೇಳ್ತಾರೆ, ಸಾಮಾನ್ಯವಾಗಿ ಮರೆವಿನ ಕಾಯಿಲೆಯಲ್ಲಿ ಮೊದಲು ಜಾರೋದು ಅದೇ. "ಗೊತ್ತಿಲ್ಲೆ" ಅಂತಿದ್ದದ್ದು ಮರೆತು ಅಲ್ಲ, ಬೇಜಾರಿಗೆ. ಮನೋವೈದ್ಯರೂ ನೋಡಿದ್ರು, ಸದ್ಯಕ್ಕೆ ಮಾತ್ರೆ ಬೇಡ, ಆಪ್ತಸಲಹೆ ಮುಂದುವರಿಸಿ, ತಿಂಗಳು ಬಿಟ್ಟು ನೋಡೋಣ ಅಂದ್ರು. ದೂರದ ಹಳ್ಳಿಯವರಿಗೆ ಓಡಾಟ ಕಷ್ಟ ಇದ್ರೆ ಟೆಲಿ ಮಾನಸ್ 14416 ಇದೆ, 2022ರಿಂದ ನಡೀತಾ ಇದೆ, ಕನ್ನಡದಲ್ಲೇ ಮಾತಾಡ್ಬಹುದು.

ಮಗನ ಜೊತೆ ಕೂತಿದ್ದು ಮೂರನೇ ಸಲ. ಸಿಟ್ಟಲ್ಲೇ ಬಂದಿದ್ರು. "ತಪ್ಪೇನು ಮೇಡಂ, ಅಪ್ಪಯ್ಯ ಹೋದಾಗ ನಮ್ಮತ್ರ ಏನೂ ಇರ್ಲಿಲ್ಲ." ಮೊಬೈಲ್ ತೆಗೆದು ಕೇಳಿಸಿದ್ರು. ಅಪ್ಪನ ಧ್ವನಿ ಅಂತ ಉಳಿದಿರೋದು ಒಂದೇ ವಾಟ್ಸಾಪ್ ವಾಯ್ಸ್ ಮೆಸೇಜು, ಒಂಬತ್ತು ಸೆಕೆಂಡು. "ಪ್ಯಾಟಿಗೆ ಹೋಗ್ತಾ ಇದ್ದಿ, ಎಂತಾರು ತರವ?" ಹಿಂದೆ ಬಸ್ಸಿನ ಹಾರ್ನ್. ಎರಡು ಸಲ ಹಾಕಿ ಕೇಳಿಸಿದ್ರು, ನಾನು ಏನೂ ಹೇಳ್ಲಿಲ್ಲ. ಆಯಿದೂ (ಅಮ್ಮಂದೂ) ಹಂಗೇ ಆಗ್ಬಾರ್ದು ಅಂತ ಓಡಿದ್ದು ಈ ಮನುಷ್ಯ. ಹೆದರಿಕೆ ಅದು, ಪ್ರೀತಿನೂ ಹೌದು, ಎರಡೂ ಸೇರಿ ಒಂದೇ ಬೇಸಿಗೆಯಲ್ಲಿ ಮನೆ ಖಾಲಿ ಮಾಡಿಬಿಟ್ಟಿತ್ತು.

ಸಲಹೆ ಅಂತ ಕೊಟ್ಟಿದ್ದು ಹೆಚ್ಚೇನಿಲ್ಲ. ಮೊದಲನೇದು, ಮಾವನ ಫೋಟೋ ವಾಪಸ್ ಗೋಡೆಗೆ. ಹಳೇದಕ್ಕೆ ಬೂಸ್ಟು ಬಂದಿದ್ರೆ ಸ್ಕ್ಯಾನ್ ಮಾಡಿದ್ದರದ್ದೇ ಪ್ರಿಂಟ್ ಹಾಕ್ಸಿ ಕಟ್ಟು ಹಾಕ್ಸಿ, ಅದೇ ಮೊಳೆಗೆ, ಅದೇ ಎತ್ತರಕ್ಕೆ, ಅವರ ಕೈಗೆ ಎಟುಕ್ಬೇಕು. ನಮ್ಮ ಮಳೆಗೆ ಫೋಟೋ ಗಾಜಿಗೆ ಅಂಟಿಕೊಂಡಿದ್ರೆ ಮಾತ್ರ ಕೀಳೋಕೆ ಹೋಗ್ಬೇಡಿ, ಮುಖವೇ ಕಿತ್ತು ಬರುತ್ತೆ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡ್ಸಿ. ಇದು ಆಪ್ತಸಲಹೆ ಅಲ್ಲ, ನಮ್ಮನೇಲೇ ಅಜ್ಜನ ಒಂದು ಫೋಟೋ ಹಾಳು ಮಾಡ್ಕೊಂಡು ಕಲ್ತಿದ್ದು.

ಎರಡನೇದು, ಒಂದು ವರ್ಷ ಅವರ ಮುಂದೆ ಕ್ಯಾಮೆರಾ ಎತ್ತಬಾರ್ದು. ಏನಾದ್ರೂ ಬೇಕಾದ್ರೆ ಪಕ್ಕ ನಿಂತು ಮಾಡಿ ಕಲೀಬೇಕು. ಮೊಮ್ಮಗಳು ಬೆಂಗಳೂರಿಂದ ಫೋನ್ ಮಾಡಿದ್ರೆ "ಹೇಗಿದ್ದೀರಾ, ಮಾತ್ರೆ ತಗೊಂಡ್ರಾ" ಬೇಡ, ನಿಜವಾಗಿ ಅಡುಗೆಗೆ ಇಟ್ಕೊಂಡು ಸಿಕ್ಕಿಹಾಕ್ಕೊಂಡು ಫೋನ್ ಮಾಡ್ಬೇಕು. ನಾಟಕ ಮಾಡಿದ್ರೆ ಅವರಿಗೆ ಗೊತ್ತಾಗುತ್ತೆ.

ಮೂರನೇದು ಟ್ರಂಕಿನ ಫೋಟೋಗಳು. ಅವು ಮೊದಲು ಮನೆಗೆ ವಾಪಸ್ ಬರ್ಬೇಕು. ಸ್ಕ್ಯಾನ್ ಆಗಿ ಹಾರ್ಡ್‌ಡಿಸ್ಕಲ್ಲಿ ಕೂತ್ರೂ ಯಾರು ಯಾರು ಅಂತ ಒಂದಕ್ಕೂ ಹೆಸರಿಲ್ಲ, ಹೆಸರಿರೋದು ಆ ಒಂದು ತಲೆಯಲ್ಲಿ. ಸಂಜೆ ಒಂದೇ ಒಂದು ಫೋಟೋ ತಗೊಂಡು ಕೂರಿ, ಹಿಂದೆ ಮೆತ್ತಗೆ ಪೆನ್ಸಿಲಲ್ಲಿ ಬರೀರಿ, ಬಾಲ್‌ಪೆನ್ ಒತ್ತಿದ್ರೆ ಮುಖದ ಮೇಲೆ ಮೂಡುತ್ತೆ. ಬರೀಲಾ ಅಂತ ಮೊದಲು ಕೇಳಿ. ವಯಸ್ಸಾದವರು ಹಳೇದನ್ನ ಮತ್ತೆ ಮತ್ತೆ ಹೇಳೋದು ಅರಳುಮರಳಲ್ಲ, ಬದುಕಿನ ಲೆಕ್ಕ ನೋಡ್ಕೊಳ್ಳೋ ಸಹಜ ಕೆಲಸ ಅಂತ ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದಿದ್ದಾರೆ. ಆ ಕೆಲಸಕ್ಕೆ ಎದುರಿಗೆ ಕೇಳೋ ಮುಖ ಬೇಕಾಗುತ್ತೆ, ಮಧ್ಯೆ "ಹೌದಾ?" ಅನ್ನೋಕೆ. ಟ್ರೈಪಾಡ್ "ಹೌದಾ" ಅನ್ನಲ್ಲ.

ಮಾರಿಜಾತ್ರೆಯಲ್ಲಿ ತೆಗೆಸಿದ ಫೋಟೋಕ್ಕೆ ಎರಡು ಸಂಜೆ ಹಿಡಿಯಿತಂತೆ, ಹಿಂದೆ ಪರದೆಯಲ್ಲಿ ಬಿಡಿಸಿದ ನವಿಲು, ಗಂಡನ ಕೈಯಲ್ಲಿ ಅವತ್ತೇ ಕೊಂಡ ಕೊಡೆ, ಇವರ ಕೈತುಂಬಾ ಬಳೆ, ಆ ಬಳೆ ದುಡ್ಡಿಗೆ ಇವರ ಅತ್ತೆ ಎಷ್ಟು ದಿನ ಮಾತಾಡ್ಸಿರ್ಲಿಲ್ಲ ಅನ್ನೋದು. ಇನ್ನೊಂದು ಫೋಟೋ ಬಂದಾಗ ನೋಡಿ, ಮಗುಚಿ ಇಟ್ಟು, "ಇದು ಬೇಡ" ಅಂದ್ರಂತೆ. ಸೊಸೆ ನನ್ನ ಕೇಳಿದ್ರು, ಯಾರಿರಬಹುದು ಮೇಡಂ ಅಂತ. ಕೇಳ್ಬೇಡಿ ಅಂದೆ. ಆ ಫೋಟೋದ ಹಿಂದೆ ಖಾಲಿ ಇರ್ಲಿ.

ಫೆಬ್ರವರಿಗೆ ಮತ್ತೆ ಆಲೆಮನೆ. ಮೊಮ್ಮಗಳು ಮೊಬೈಲ್ ಒಳಗಿಟ್ಟು ತೊಡೆದೇವಿಗೆ ಕೂತ್ಲು. ಅಕ್ಕಿ ನುಣ್ಣಗೆ ಬೀಸಿ ಕಬ್ಬಿನ ಹಾಲಲ್ಲಿ ತೆಳ್ಳಗೆ ಕದಡಿದ ಹಿಟ್ಟು, ಒಲೆ ಮೇಲೆ ಬೋರಲು ಹಾಕಿದ ಮಡಕೆ, ಕೋಲಿಗೆ ಸುತ್ತಿದ ಬಟ್ಟೆ ಅದ್ದಿ ಮಡಕೆ ಬೆನ್ನ ಮೇಲೆ ಒಂದೇ ಎಳೆತ, ಅಂಚು ಎದ್ದ ಕೂಡ್ಲೇ ಕಾಗದದ ಹಾಗೆ ಎಬ್ಬಿಸಿ ತುಪ್ಪ ಸವರಿ ಮಡಚೋದು. ವಿಡಿಯೋದಲ್ಲಿ ಹತ್ತು ಸಲ ನೋಡಿದ್ಲಂತೆ ಅವಳು. ಮೊದಲ ಐದೂ ಹರಿದು ಚಿಂದಿ. ಜಗಲಿಯಲ್ಲಿದ್ದ ಅಮ್ಮಮ್ಮ ಆರನೇದಕ್ಕೆ ಒಳಗೆ ಬಂದು "ಹಂಗಲ್ದೇ ಕೂಸೆ" ಅಂತ ಕೋಲು ಕಸ್ಕೊಂಡ್ರಂತೆ, ಕಟ್ಟಿಗೆ ಎರಡು ಹಿಂದಕ್ಕೆಳೆದ್ರಂತೆ, ಬೆಂಕಿ ಜಾಸ್ತಿ ಆಗಿತ್ತು. ಆ ಕಾವು ವಿಡಿಯೋದಲ್ಲಿ ಕಾಣಲ್ಲ.

ಹಾಗಂತ ಎಲ್ಲಾ ಸರಿಹೋಯ್ತು ಅಂತೇನಿಲ್ಲ. ಕೆಲವು ದಿನ ಈಗಲೂ ಏಳೋದೇ ಇಲ್ಲ, ಗಂಡನ ತಿಥಿ ಹತ್ತಿರ ಬಂದಾಗ ಮತ್ತೆ ನನ್ನ ಹತ್ರ ಬಂದಿದ್ರು. ಸಾವಿರಾರು ರೂಪಾಯಿ ಕೊಟ್ಟು ತಂದ ಕಿವಿ ಮಷಿನ್ ಡ್ರಾಯರಿನಲ್ಲೇ ಇರುತ್ತೆ, ಕಿರಿಕಿರಿ ಅಂತ. ಮಗನಿಗೆ ಇನ್ನೂ ಹಾಡು ರೆಕಾರ್ಡ್ ಮಾಡೋ ಆಸೆ, ಕೇಳಿ ನೋಡಿ, ಬೇಡ ಅಂದ್ರೆ ಬಿಡಿ ಅಂದಿದ್ದೀನಿ.

ಹೋದ ವಾರ ಸೊಸೆ ಫೋನ್. ತೊಡೆದೇವಿನ ಹಳೇ ಮಡಕೆ ಸೀಳು ಬಿಟ್ಟಿತ್ತಂತೆ, ಹೊಸದು ತರೋಕೆ ಅತ್ತೆ ತಾವೇ ಪೇಟೆಗೆ ಹೊರಟ್ರಂತೆ, ಕಿವಿ ಮಷಿನ್ ಹಾಕ್ಕೊಂಡು. "ಇದೇನತ್ತೆ ಇವತ್ತು?" ಅಂದ್ರೆ, ಮಡಕೆ ಬಡಿದು ಸದ್ದು ಕೇಳ್ಬೇಡ್ವಾ ಅಂದ್ರಂತೆ. ಎರಡು ಬೇಡ ಅಂದು ಮೂರನೇದು ತಂದಿದ್ದಾರೆ. ಪಳಗೋಕೆ ಇನ್ನೂ ಟೈಮ್ ಬೇಕಂತೆ.