ಫೈಲ್ ಚಿಕ್ಕದು, ಚಿತ್ರ ದೊಡ್ಡದು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನಕ್ಷೆ ಮತ್ತು ಝೂಮ್ ಆಗುವ ಚಿತ್ರಗಳ ಬಗ್ಗೆ. ಅದರಲ್ಲೂ ಒಂದು ಪ್ರಶ್ನೆ ಊರಿನ ಹೆಸರು ಮಾತ್ರ ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಿದೆ. ಇವತ್ತು ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಲೈಬ್ರರಿ ಸೇರಿಸುವುದು ಹೇಗೆ, ಪರ್ಮಿಶನ್ ಕೇಳುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಆ್ಯಪ್ ಬರೆಯಲು ಕೂತವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ಹಂಪಿಗೆ ಬರುವ ಪ್ರವಾಸಿಗರಿಗಾಗಿ ಆಂಡ್ರಾಯ್ಡ್ ಆ್ಯಪ್ ಮಾಡುತ್ತಿದ್ದೇನೆ. ಕೈಯಲ್ಲಿ ಬರೆದ ದೊಡ್ಡ ನಕ್ಷೆಯನ್ನು ಸ್ಕ್ಯಾನ್ ಮಾಡಿಸಿ ಹಾಕಿದ್ದೇನೆ. ಅಳತೆ 12000 × 9000 ಪಿಕ್ಸೆಲ್. ಜೆಪೆಗ್ ಫೈಲ್ ಬರೀ 9 ಎಂಬಿ. ಆದರೂ ತೆರೆದ ಕೂಡಲೇ ಆ್ಯಪ್ ಮುಚ್ಚಿಹೋಗುತ್ತದೆ. ಚಿತ್ರ ತೋರಿಸುವ ಗ್ಲೈಡ್ ಲೈಬ್ರರಿ ಬಳಸಿದರೆ ತೆರೆಯುತ್ತದೆ, ಝೂಮ್ ಮಾಡಿದರೆ ಅಕ್ಷರಗಳೆಲ್ಲ ಮಸುಕು. ವಿಡಿಯೊ ನೋಡಿ, ಆ್ಯಪ್‌ಗೆ ಹೆಚ್ಚು ಮೆಮೊರಿ ಕೇಳುವ ಲಾರ್ಜ್ ಹೀಪ್ ಆನ್ ಮಾಡಿದೆ. ಗುಣಮಟ್ಟ ಇಳಿಸಿ ಫೈಲನ್ನು 3 ಎಂಬಿಗೆ ತಂದೆ. ಏನೂ ಪ್ರಯೋಜನ ಆಗಲಿಲ್ಲ. ನನ್ನ ಫೋನಿನಲ್ಲಿ 8 ಜಿಬಿ ರ‍್ಯಾಮ್ ಇದೆ. ಜೊತೆಗೆ, ಝೂಮ್ ಮಾಡಿದಾಗ ವಿಠ್ಠಲ ದೇವಸ್ಥಾನದ ಪಿನ್ ತುಂಗಭದ್ರೆಯೊಳಗೆ ಹೋಗಿ ನಿಲ್ಲುತ್ತದೆ. ಏನು ಮಾಡಲಿ? (ಹೊಸಪೇಟೆಯ ಓದುಗರು)

ಉತ್ತರ: ಮೊದಲು ಆ 9 ಎಂಬಿಯನ್ನು ಮರೆತುಬಿಡಿ. ಅದು ಡಿಸ್ಕ್‌ನಲ್ಲಿ ಕೂತಿರುವ ಫೈಲಿನ ತೂಕ. ಪರದೆಗೆ ಬರಬೇಕಾದರೆ ಚಿತ್ರ ಬಿಚ್ಚಿಕೊಳ್ಳಬೇಕು. ಬಿಚ್ಚಿದ ಮೇಲೆ ಒಂದೊಂದು ಪಿಕ್ಸೆಲ್‌ಗೂ 4 ಬೈಟ್ ಬೇಕು. ನಿಮ್ಮ ನಕ್ಷೆಯಲ್ಲಿ 10 ಕೋಟಿ 80 ಲಕ್ಷ ಪಿಕ್ಸೆಲ್ ಇವೆ. ಅಂದರೆ 43 ಕೋಟಿ 20 ಲಕ್ಷ ಬೈಟ್, 432 ಎಂಬಿ. ಫೈಲನ್ನು 9ರಿಂದ 3 ಎಂಬಿಗೆ ಇಳಿಸಿದಿರಿ, ಪಿಕ್ಸೆಲ್ ಲೆಕ್ಕ ಅಷ್ಟೇ ಇತ್ತು. ಮೆಮೊರಿಯೂ ಅಷ್ಟೇ ಬೇಕಾಯಿತು, ಆ್ಯಪ್ ಮತ್ತೆ ಮುಚ್ಚಿಹೋಯಿತು. ನೀವು ಕಳೆದುಕೊಂಡದ್ದು ಅಕ್ಷರಗಳ ಅಂಚು ಮಾತ್ರ.

ಡಬ್ಬಿಯಲ್ಲಿರುವ ಅರಳು ಸಂಡಿಗೆಯ ಲೆಕ್ಕ ಇದು. ಒಣಗಿದ್ದಾಗ ಒಂದು ಚಿಕ್ಕ ಡಬ್ಬಿಯಲ್ಲಿ ಕೂರುತ್ತದೆ. ಎಣ್ಣೆಗೆ ಬಿದ್ದ ಮೇಲೆ ಎಷ್ಟಾಗುತ್ತದೆ ಎಂದು ನೋಡಿಯೇ ನಾವು ಹಾಕುತ್ತೇವೆ. ಡಬ್ಬಿ ಚಿಕ್ಕದು ಎಂದು ಯಾರೂ ಎಲ್ಲವನ್ನೂ ಒಮ್ಮೆಗೇ ಬಾಣಲೆಗೆ ಸುರಿಯುವುದಿಲ್ಲ, ಅಲ್ವಾ?

ಇನ್ನು ಲಾರ್ಜ್ ಹೀಪ್. ಈ ಸಲಹೆ ಕೊಡುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಆಂಡ್ರಾಯ್ಡ್ 8ರಿಂದ, ಅಂದರೆ 2017ರಿಂದ, ಬಿಟ್‌ಮ್ಯಾಪ್‌ನ, ಅಂದರೆ ಬಿಚ್ಚಿದ ಚಿತ್ರದ, ಪಿಕ್ಸೆಲ್‌ಗಳು ಲಾರ್ಜ್ ಹೀಪ್ ಹಿಗ್ಗಿಸುವ ಜಾವಾ ಹೀಪ್‌ನಲ್ಲಿ ಇರುವುದೇ ಇಲ್ಲ. ಅವು ಅದರ ಹೊರಗಿನ ನೇಟಿವ್ ಮೆಮೊರಿಯಲ್ಲಿ ಕೂರುತ್ತವೆ. ಇಲ್ಲದ ಕಡೆ ಜಾಗ ಹೆಚ್ಚಿಸಿ ಏನು ಬಂತು? ನಿಮ್ಮ ಆ್ಯಪ್ ಮುಚ್ಚುವಾಗ ಲಾಗ್‌ನಲ್ಲಿ ಏನಿತ್ತು ಎಂದು ನೀವು ಬರೆದಿಲ್ಲ. ದಯವಿಟ್ಟು ಓದಿ. ತುಂಬಾ ದೊಡ್ಡ ಬಿಟ್‌ಮ್ಯಾಪ್ ಬಿಡಿಸಲು ನೋಡುತ್ತಿದ್ದೀರಿ ಎಂಬ ಸಾಲು ಅಲ್ಲಿರುತ್ತದೆ. ಒಂದು ಬಿಟ್‌ಮ್ಯಾಪ್ 100 ಎಂಬಿ ದಾಟಿದರೆ ಆಂಡ್ರಾಯ್ಡ್ ಅದನ್ನು ಕ್ಯಾನ್ವಾಸ್ ಮೇಲೆ ಬಿಡಿಸಲು ಬಿಡುವುದಿಲ್ಲ. ರ‍್ಯಾಮ್ 8 ಜಿಬಿ ಇರಲಿ, 16 ಇರಲಿ, ಅದೇ ನಿಯಮ. ಪಿಕ್ಸೆಲ್‌ಗೆ 4ರ ಬದಲು 2 ಬೈಟ್ ಬಳಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಆಗಲೂ 216 ಎಂಬಿ. ಲೆಕ್ಕ ಮಾಡಿ ನೋಡದೆ ಸಲಹೆ ಕೊಡುವವರು ಇವರು.

ಒಬ್ಬ ಕನ್ಸಲ್ಟೆಂಟ್ ಲಾರ್ಜ್ ಹೀಪ್‌ನ ಒಂದೇ ಸಾಲು ಸೇರಿಸಿ, ಪೂರ್ತಿ ಬಿಲ್ ಮಾಡಿ ಹೋದದ್ದನ್ನು ನಾನೇ ನೋಡಿದ್ದೇನೆ. ಆ್ಯಪ್ ಮಾಡಿಸಿದ್ದು ಒಂದು ಚಿಕ್ಕ ಊರಿನ ಶಾಲೆ. ಅವರ ದುಡ್ಡು ಹೋಯಿತು, ಆ್ಯಪ್ ಹಾಗೇ ಉಳಿಯಿತು.

ಚಿತ್ರ ಯಾವ ಫೋಲ್ಡರ್‌ನಲ್ಲಿದೆ ಎಂದೂ ನೋಡಿಕೊಳ್ಳಿ. ಸುಮ್ನೆ ಡ್ರಾಯೆಬಲ್ ಫೋಲ್ಡರ್‌ಗೆ ಹಾಕಿದ್ದರೆ, ಆಂಡ್ರಾಯ್ಡ್ ಅದನ್ನು ಕಡಿಮೆ ಸಾಂದ್ರತೆಯ ಪರದೆಯ ಚಿತ್ರ ಎಂದುಕೊಂಡು ಹಿಗ್ಗಿಸುತ್ತದೆ. ಈಗಿನ ಎಷ್ಟೋ ಫೋನುಗಳಲ್ಲಿ ಅಗಲ 3 ಪಟ್ಟು, ಎತ್ತರ 3 ಪಟ್ಟು. ಒಟ್ಟು 9 ಪಟ್ಟು. ನಿಮ್ಮ 432 ಎಂಬಿ ಆಗ 3.8 ಜಿಬಿ ದಾಟುತ್ತದೆ. ದೊಡ್ಡ ಚಿತ್ರ ಯಾವಾಗಲೂ ಅಸೆಟ್ಸ್ ಫೋಲ್ಡರ್‌ನಲ್ಲಿರಲಿ.

ಗ್ಲೈಡ್ ತಪ್ಪು ಮಾಡುತ್ತಿಲ್ಲ. ಅದು ವ್ಯೂ, ಅಂದರೆ ಪರದೆಯಲ್ಲಿ ಚಿತ್ರ ಕೂರುವ ಚೌಕಟ್ಟು, ಎಷ್ಟು ದೊಡ್ಡದಿದೆಯೋ ಅಷ್ಟಕ್ಕೆ ಚಿತ್ರವನ್ನು ಕುಗ್ಗಿಸಿ ತರುತ್ತದೆ. ಪಟ್ಟಿಯಲ್ಲಿ ಫೋಟೊ ತೋರಿಸಲು ಅದೇ ಸರಿ. ನೀವು ಝೂಮ್ ಮಾಡಿದಾಗ ಹಿಗ್ಗುವುದು ಆ ಕುಗ್ಗಿದ ಚಿತ್ರ. ಅದರಲ್ಲಿ ಇಲ್ಲದ ಅಕ್ಷರ ಎಲ್ಲಿಂದ ಬರಬೇಕು?

ಈಗ ದಾರಿ ಹೇಳುತ್ತೇನೆ. 1080 × 2400 ಪರದೆಯಲ್ಲಿ ಇರುವುದೇ ಸುಮಾರು 26 ಲಕ್ಷ ಪಿಕ್ಸೆಲ್. ಒಂದು ಕ್ಷಣಕ್ಕೆ ಕಣ್ಣಿಗೆ ಬೀಳುವುದು 10 ಎಂಬಿಯಷ್ಟು ಚಿತ್ರ ಮಾತ್ರ. ಹಾಗಾಗಿ ಕಾಣುವ ಭಾಗವನ್ನು, ಕಾಣುವ ಅಳತೆಯಲ್ಲಿ ಮಾತ್ರ ಬಿಚ್ಚಬೇಕು. ಬೆರಳು ಸರಿದ ಹಾಗೆ ಹೊಸ ತುಂಡು ಬರಬೇಕು, ಹಳೆಯದು ಹೋಗಬೇಕು. ಆಂಡ್ರಾಯ್ಡ್‌ನಲ್ಲಿ ಇದಕ್ಕೆಂದೇ ಬಿಟ್‌ಮ್ಯಾಪ್ ರೀಜನ್ ಡಿಕೋಡರ್ ಇದೆ. ಅದನ್ನು ನೀವೇ ಕೈಯಾರೆ ಬಳಸಲು ಹೋಗಬೇಡಿ. ಸಬ್‌ಸ್ಯಾಂಪ್ಲಿಂಗ್ ಸ್ಕೇಲ್ ಇಮೇಜ್ ವ್ಯೂ ಎಂಬ ಓಪನ್ ಸೋರ್ಸ್ ಲೈಬ್ರರಿ ಆ ಕೆಲಸವನ್ನೆಲ್ಲ ಮಾಡುತ್ತದೆ. ನಿಮ್ಮದು ಒಂದೇ ಚಿತ್ರ, ಆಂಡ್ರಾಯ್ಡ್ ಮಾತ್ರ. ನಿಮಗೆ ಇಷ್ಟು ಸಾಕು. ಆದರೆ ಜೆಪೆಗ್ ಅನ್ನು ಬೇಸ್‌ಲೈನ್ ಆಗಿ ಸೇವ್ ಮಾಡಿ. ಪ್ರೋಗ್ರೆಸಿವ್ ಜೆಪೆಗ್‌ನಲ್ಲಿ ಮಾಹಿತಿ ಇಡೀ ಚಿತ್ರದ ಮೇಲೆ ಪದರ ಪದರವಾಗಿ ಹರಡಿರುತ್ತದೆ. ಒಂದು ಮೂಲೆ ಬೇಕೆಂದರೂ ಎಲ್ಲವನ್ನೂ ಓದಬೇಕಾಗುತ್ತದೆ.

ನಾಳೆ ಇದೇ ನಕ್ಷೆ ವೆಬ್‌ಸೈಟಿಗೂ ಐಫೋನಿಗೂ ಬೇಕು ಅಂತಾದರೆ ಟೈಲ್ ಮಾಡಿಟ್ಟುಕೊಳ್ಳಿ. ಚಿತ್ರವನ್ನು 256 × 256ರ ಚೌಕಗಳಾಗಿ ಕತ್ತರಿಸುವುದು. ಆಮೇಲೆ ಅರ್ಧ ಅಳತೆಗೆ ಇಳಿಸಿ ಮತ್ತೆ ಕತ್ತರಿಸುವುದು, ಒಂದೇ ಚೌಕ ಉಳಿಯುವ ತನಕ. ನಿಮ್ಮ ನಕ್ಷೆಗೆ ಪೂರ್ತಿ ಅಳತೆಯಲ್ಲಿ 47 × 36, ಅಂದರೆ 1692 ಟೈಲ್ ಬರುತ್ತವೆ. ಮುಂದಿನ ಹಂತಕ್ಕೆ 432, ಅದರ ಮುಂದೆ 108. ಹೀಗೆ 7 ಹಂತ ಸೇರಿ 2276. ಅಷ್ಟೊಂದಾ ಅಂತ ಗಾಬರಿ ಬೇಡ. ಪರದೆಯ ಮೇಲೆ ಒಮ್ಮೆಗೆ ಬೇಕಾಗುವುದು ಸುಮಾರು 60. ಕತ್ತರಿಸಲು ಲಿಬ್‌ವಿಪ್ಸ್ ಬಳಸಿ. ಅದರ ಡಿಝೆಡ್‌ಸೇವ್ ಆದೇಶ ಒಂದೇ ಸಾಲಿನದು. ಇಡೀ ಚಿತ್ರವನ್ನು ಒಮ್ಮೆಗೇ ಮೆಮೊರಿಗೆ ಎಳೆದುಕೊಳ್ಳದ ಕಾರಣ ಹಳೇ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ವೆಬ್‌ನಲ್ಲಿ ತೋರಿಸಲು ಓಪನ್‌ಸೀಡ್ರ್ಯಾಗನ್ ಇದೆ.

ಪಿನ್ ಓಡುವ ವಿಷಯ. ನೀವು ಅದರ ಜಾಗವನ್ನು ಪರದೆಯ ಲೆಕ್ಕದಲ್ಲಿ ಬರೆದಿಟ್ಟಿದ್ದೀರಿ. ಚಿತ್ರ ಸರಿದರೂ ಪಿನ್ ಪರದೆಗೇ ಅಂಟಿಕೊಂಡಿರುತ್ತದೆ. ಜಾಗವನ್ನು ಮೂಲ ಚಿತ್ರದ ಪಿಕ್ಸೆಲ್‌ನಲ್ಲಿ ಬರೆದಿಡಿ. ಎಡದಿಂದ ಎಷ್ಟನೆಯದು, ಮೇಲಿನಿಂದ ಎಷ್ಟನೆಯದು ಅಂತ. ಪ್ರತಿ ಸಲ ಬಿಡಿಸುವಾಗ ಅದನ್ನು ಪರದೆಯ ಜಾಗಕ್ಕೆ ಬದಲಾಯಿಸಿ. ಮೇಲೆ ಹೇಳಿದ ಲೈಬ್ರರಿಯಲ್ಲಿ ಅದಕ್ಕೆ ಫಂಕ್ಷನ್ ಇದೆ. ನಾಳೆ ವೆಬ್ ನಕ್ಷೆಯ ಲೈಬ್ರರಿ ಲೀಫ್‌ಲೆಟ್‌ಗೆ ಹೋದರೆ, ಜಾಗ ಗುರುತಿಸುವ ಅದರ ಸಿಂಪಲ್ ಪದ್ಧತಿಯಲ್ಲಿ ಎತ್ತರದ ಲೆಕ್ಕ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಚಿತ್ರದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಪಿನ್‌ಗಳು ತಲೆಕೆಳಗಾದರೆ ಕಾರಣ ಅದೇ.

ನೀವು ಕೇಳದ ಒಂದು ಮಾತು ಹೇಳಲೇಬೇಕು. ಈ ನಕ್ಷೆಯ ಮೇಲೆ ಜಿಪಿಎಸ್‌ನ ನೀಲಿ ಚುಕ್ಕೆ ಹಾಕಬೇಡಿ. ಕೈಯಲ್ಲಿ ಬರೆದ ನಕ್ಷೆಗೆ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ. ಚುಕ್ಕೆ ಒಂದು ಕಡೆ ಸರಿಯಾಗಿ ಕೂತರೆ ಇನ್ನೊಂದು ಕಡೆ ತುಂಬಾ ದೂರ ತಪ್ಪುತ್ತದೆ. ಹಂಪಿಯ ಬಂಡೆಗಳ ನಡುವೆ, ಬಿಸಿಲಲ್ಲಿ, ವಯಸ್ಸಾದವರು ಆ ಚುಕ್ಕೆ ನಂಬಿ ನಡೆಯುತ್ತಾರೆ. ದಾರಿ ತೋರಿಸಬೇಕಿದ್ದರೆ ನಿಜವಾದ ನಕ್ಷೆಯ ಪುಟ ಬೇರೆಯೇ ಮಾಡಿ.

ಎಲ್ಲ ಆದ ಮೇಲೆ ನಿಮ್ಮ 8 ಜಿಬಿ ಫೋನನ್ನು ಬದಿಗಿಟ್ಟು, 3 ಜಿಬಿಯ ಹಳೇ ಫೋನಿನಲ್ಲಿ ನೋಡಿ. ಅಲ್ಲಿ ನಡೆದರೆ ಮಾತ್ರ ಬಿಡುಗಡೆ ಮಾಡಿ.

ಪ್ರಶ್ನೆ: ಬೆಂಗಳೂರಿನ ಪಿನ್ ಉತ್ತರ ಧ್ರುವದ ಕಡೆ ಸಮುದ್ರದಲ್ಲಿ ಕಾಣುತ್ತದೆ. ಲೈಬ್ರರಿಯ ದೋಷವೇ?

ಉತ್ತರ: ಅಲ್ಲ. ಅಕ್ಷಾಂಶ 12.97, ರೇಖಾಂಶ 77.59. ಅದಲುಬದಲಾದರೆ ನಾರ್ವೆಯ ಸ್ವಾಲ್‌ಬಾರ್ಡ್ ಪಕ್ಕದ ನೀರಿಗೆ ಹೋಗುತ್ತದೆ. ನಕ್ಷೆಯ ದತ್ತಾಂಶ ಬರೆದಿಡುವ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಲೀಫ್‌ಲೆಟ್ ಮತ್ತು ಗೂಗಲ್ ಮ್ಯಾಪ್ಸ್‌ನಲ್ಲಿ ಅಕ್ಷಾಂಶ ಮೊದಲು. ಪಿನ್ ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯಲ್ಲಿದ್ದರೆ ಕಾರಣ ಬೇರೆ: ಲೊಕೇಶನ್ ಬಂದೇ ಇಲ್ಲ, ನೀವು ಸೊನ್ನೆ, ಸೊನ್ನೆ ಕಳಿಸುತ್ತಿದ್ದೀರಿ.

ಪ್ರಶ್ನೆ: ನನ್ನ ಕಂಪ್ಯೂಟರಿನಿಂದ ಹಾಕಿದಾಗ ಗೂಗಲ್ ನಕ್ಷೆ ಬರುತ್ತದೆ. ಪ್ಲೇ ಸ್ಟೋರ್‌ನಿಂದ ಇಳಿಸಿದರೆ ಖಾಲಿ.

ಉತ್ತರ: ಪ್ಲೇ ಸ್ಟೋರ್ ನಿಮ್ಮ ಆ್ಯಪ್‌ಗೆ ಬೇರೆ ಸಹಿ ಹಾಕುತ್ತದೆ. ಪ್ಲೇ ಕನ್ಸೋಲ್‌ನ ಆ್ಯಪ್ ಸೈನಿಂಗ್ ಪುಟದಲ್ಲಿರುವ ಎಸ್‌ಎಚ್‌ಎ-1 ಅನ್ನು, ಅಂದರೆ ಆ ಸಹಿಯ ಗುರುತನ್ನು, ನಿಮ್ಮ ಗೂಗಲ್ ಮ್ಯಾಪ್ಸ್ ಕೀಗೆ ಸೇರಿಸಿ. ಸಿಟ್ಟಿನಲ್ಲಿ ಕೀ ಮೇಲಿನ ನಿರ್ಬಂಧವನ್ನೇ ತೆಗೆದುಹಾಕಬೇಡಿ. ಆ್ಯಪ್‌ನೊಳಗಿನ ಕೀಯನ್ನು ಯಾರು ಬೇಕಾದರೂ ಹೊರತೆಗೆಯಬಹುದು, ಬಿಲ್ ಬರುವುದು ನಿಮಗೆ. ಟೆಲಿಗ್ರಾಂನಲ್ಲಿ ಉಚಿತವಾಗಿ ಕೀ ಹಂಚುವವರು ಹಂಚುತ್ತಿರುವುದು ಹೀಗೆ ನಿರ್ಬಂಧ ತೆಗೆದವರಿಂದ ಕದ್ದ ಕೀಗಳಿರಬಹುದು. ಮುಟ್ಟಬೇಡಿ.

ಪ್ರಶ್ನೆ: ಟ್ಯಾಬ್ ಒಳಗೆ ಲೀಫ್‌ಲೆಟ್ ನಕ್ಷೆ ಅರ್ಧ ಬೂದು ಬಣ್ಣ.

ಉತ್ತರ: ಟ್ಯಾಬ್ ತೆರೆದ ಮೇಲೆ, ನಕ್ಷೆ ತನ್ನ ಅಳತೆ ಮತ್ತೆ ನೋಡಿಕೊಳ್ಳಲು ಇನ್‌ವ್ಯಾಲಿಡೇಟ್ ಸೈಜ್ ಫಂಕ್ಷನ್ ಕರೆಯಿರಿ.

ಪ್ರಶ್ನೆ: ಆಫ್‌ಲೈನ್ ಬಳಕೆಗೆ ಇಡೀ ಕರ್ನಾಟಕದ ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್‌ಗಳನ್ನು ಇಳಿಸುವ ಸ್ಕ್ರಿಪ್ಟ್ ನಿಂತುಹೋಯಿತು.

ಉತ್ತರ: ನಿಲ್ಲಿಸಿದ್ದು ಸರಿ. ಆ ಸರ್ವರ್‌ಗಳು ದೇಣಿಗೆಯಿಂದ ನಡೆಯುತ್ತವೆ, ಹೀಗೆ ರಾಶಿ ರಾಶಿ ಇಳಿಸುವುದನ್ನು ಅವರ ನಿಯಮ ನಿಷೇಧಿಸಿದೆ. ಜಿಯೋಫ್ಯಾಬ್ರಿಕ್ ತಾಣದಲ್ಲಿ ದಕ್ಷಿಣ ಭಾರತದ ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ತೆಗೆದುಕೊಂಡು ನಿಮ್ಮ ಟೈಲ್ ನೀವೇ ಮಾಡಿಕೊಳ್ಳಿ.

ಪ್ರಶ್ನೆ: ಇಂಟರ್‌ನೆಟ್‌ನಲ್ಲಿ ಸಿಕ್ಕಿದ ಭಾರತದ ಗಡಿರೇಖೆಯ ಫೈಲ್ ಬಳಸಬಹುದೇ?

ಉತ್ತರ: ಬೇಡ. ವಿದೇಶಿ ಫೈಲ್‌ಗಳಲ್ಲಿ ಜಮ್ಮು ಕಾಶ್ಮೀರದ ಗಡಿ ಎಷ್ಟೋ ಸಲ ನಮ್ಮ ಅಧಿಕೃತ ನಕ್ಷೆಗೆ ಹೊಂದುವುದಿಲ್ಲ. ಸರ್ವೇ ಆಫ್ ಇಂಡಿಯಾ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸಿದರೆ 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಗಡಿರೇಖೆಯನ್ನು ಸರ್ವೇ ಆಫ್ ಇಂಡಿಯಾದಿಂದಲೇ ತೆಗೆದುಕೊಳ್ಳಿ. ಆ್ಯಪ್ ಬಿಡುಗಡೆಗೆ ಮೊದಲು ನಿಮ್ಮ ನಕ್ಷೆಯನ್ನೂ ಅವರ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಿ.