ಆರ್ಟಿಚೋಕ್‌ನಿಂದ ಎಣ್ಣೆಗಾಯಿ ಮಾಡಬಹುದಾ?

ಮಾಡಬೇಡಿ. ಬೆಂಗಳೂರಿನಿಂದ ಎರಡು ಆರ್ಟಿಚೋಕ್ ತಂದಿದ್ದೀರಿ, ಮನೆಯಲ್ಲಿ ಮಕ್ಕಳೂ ಸೇರಿ ಆರು ಜನ, ಎಣ್ಣೆಗಾಯಿಗೆ ಯಾವ ಮಸಾಲೆ ತುಂಬಲಿ ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೆ ನನಗೆ 2019ರ ಫೆಬ್ರವರಿ ತಿಂಗಳು ಕಣ್ಣ ಮುಂದೆ ಬಂತು. ಧಾರವಾಡದ ನಮ್ಮ ಮನೆಯಲ್ಲಿ ನಾನೂ ಇದನ್ನೇ ಮಾಡಿದ್ದೆ.

ಅದರ ಹಿಂದಿನ ವರ್ಷ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದೆ. ಅಮೆರಿಕದ ಸಂತೆಗೆ ಬರುವ ಅಲ್ಲಿನ ಆರ್ಟಿಚೋಕ್ ಹೆಚ್ಚುಕಡಿಮೆ ಎಲ್ಲಾ ಬೆಳೆಯುವುದು ಆ ರಾಜ್ಯದಲ್ಲೇ. ಸಮುದ್ರದ ಹತ್ತಿರ ಕ್ಯಾಸ್ಟ್ರೋವಿಲ್ ಅಂತ ಒಂದು ಊರಿದೆ. ‘ಜಗತ್ತಿನ ಆರ್ಟಿಚೋಕ್ ಕೇಂದ್ರ’ ಅಂತ ಬೀದಿಗೆ ಅಡ್ಡಲಾಗಿ ಕಮಾನು ಕಟ್ಟಿ ಬರೆಸಿದ್ದಾರೆ. ಹೊಲದ ಪಕ್ಕ ಕಾರು ನಿಲ್ಲಿಸಿ ನೋಡಿದೆವು. ಬೂದಿ ಬಣ್ಣದ ಉದ್ದುದ್ದ ಎಲೆ, ನಡುವೆ ಎದ್ದು ನಿಂತ ದಪ್ಪ ಮೊಗ್ಗು. ತಿನ್ನುವುದು ಆ ಮೊಗ್ಗನ್ನೇ. ಬಿಟ್ಟರೆ ನೇರಳೆ ಬಣ್ಣದ ಹೂವಾಗುತ್ತೆ. ಅವತ್ತು ರಾತ್ರಿ ಮಗಳು ಬೇಯಿಸಿ, ಬೆಣ್ಣೆ ಬೆಳ್ಳುಳ್ಳಿ ಜೊತೆ ತಟ್ಟೆಗೆ ಹಾಕಿ ಕೊಟ್ಟಳು. ನಾನು ತಿಂದೆ, ತುಂಬಾ ಇಷ್ಟವಾಯಿತು. ಆದರೆ ಅವಳು ಅಡುಗೆಮನೆಯಲ್ಲಿ ಅದಕ್ಕೆ ಏನೇನು ಮಾಡಿದಳು ಅಂತ ನಾನು ನೋಡಲೇ ಇಲ್ಲ. ಎಲ್ಲ ಶುರುವಾದದ್ದು ಅಲ್ಲಿ.

ಮುಂದಿನ ವರ್ಷ ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಮೂರು ಸಿಕ್ಕವು. ರಾಣಿ ಚೆನ್ನಮ್ಮ ರೈಲಿನಲ್ಲಿ ತಲೆಯ ಹತ್ತಿರ ಇಟ್ಟುಕೊಂಡು ತಂದೆ. ಅಣ್ಣಿಗೇರಿಯಿಂದ ನಮ್ಮ ಮಾವನವರು ಬಂದಿದ್ದರು. ಹೊಲದಲ್ಲಿ ಕುಸುಬಿ ಕೊಯ್ಲು ಶುರುವಾಗುವುದರೊಳಗೆ ನಾಲ್ಕು ದಿನ ಇದ್ದು ಹೋಗೋಣ ಅಂತ. ಅವರಿಗೆ ಎಣ್ಣೆಗಾಯಿ ಅಂದರೆ ಪ್ರಾಣ. ರೊಟ್ಟಿ ಬಡಿದೆ. ಶೇಂಗಾ, ಗುರೆಳ್ಳು, ಒಣಕೊಬ್ಬರಿ ಹುರಿದು ಮಸಾಲೆ ಕುಟ್ಟಿದೆ. ಆರ್ಟಿಚೋಕ್ ತೊಟ್ಟು ತೆಗೆದು, ಬದನೆಕಾಯಿ ಸೀಳಿದ ಹಾಗೆ ನಾಲ್ಕು ಸೀಳು ಹಾಕಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾನು ಅವತ್ತು ನಿಲ್ಲಲಿಲ್ಲ. ಸೀಳಿದಾಗ ನಟ್ಟ ನಡುವೆ, ಬುಡದ ಮೇಲೆ, ಬಿಳಿ ಕೂದಲಿನ ಒಂದು ಗೊಂಚಲು ಕಂಡಿತು. ಮೆಕ್ಕೆಜೋಳದ ತೆನೆಯ ಕೂದಲಿಗಿಂತ ಗಿಡ್ಡ, ಒತ್ತೊತ್ತಾಗಿ ನೆಟ್ಟ ಹಾಗೆ. ಬೆರಳಿಗೆ ಮೆತ್ತಗೇ ಹತ್ತಿತು. ಬದನೆಕಾಯಿಯ ಬೀಜ ಬೆಂದು ಕರಗುವುದಿಲ್ಲವಾ, ಇದೂ ಹಾಗೇ ಕರಗುತ್ತೆ ಅಂದುಕೊಂಡೆ. ಅದರ ಮೇಲೇ ಮಸಾಲೆ ಒತ್ತಿ ತುಂಬಿದೆ. ಇಪ್ಪತ್ತು ನಿಮಿಷ ಬೇಯಿಸಿದೆ. ಎಲೆ ಇನ್ನೂ ಗಟ್ಟಿ ಇತ್ತು. ಕುಕ್ಕರಿಗೆ ಹಾಕಿ ಇನ್ನೂ ಮೂರು ಸೀಟಿ ಕೂಗಿಸಿದೆ. ಎಲೆಯ ಬುಡ ಮೆತ್ತಗಾಯಿತು. ಕೂದಲು ಮಾತ್ರ ಇದ್ದ ಹಾಗೇ ಇತ್ತು, ಆದರೆ ಈಗ ಮಸಾಲೆಯ ಒಳಗೆ ಸೇರಿಕೊಂಡು ಕಣ್ಣಿಗೆ ಕಾಣದ ಹಾಗೆ ಆಗಿತ್ತು.

ಆ ಕೂದಲು ಅಂದರೆ ಇನ್ನೂ ಅರಳದ ಹೂಗಳು. ಮೊಗ್ಗು ಬಿಚ್ಚಿದರೆ ಮೇಲೆ ನೇರಳೆಯಾಗಿ ಕಾಣುವುದು ಅವೇ. ಎಷ್ಟು ಬೇಯಿಸಿದರೂ ಅವು ಕರಗುವುದಿಲ್ಲ. ಅರ್ಧ ಗಂಟೆ ಇಡಿ, ಎರಡು ಗಂಟೆ ಇಡಿ, ನಾರು ನಾರೇ. ಇಂಗ್ಲಿಷಿನಲ್ಲಿ ಅದಕ್ಕೆ ‘ಚೋಕ್’ ಅಂತಾರೆ, ಗಂಟಲು ಕಟ್ಟುವುದಕ್ಕೂ ಅದೇ ಮಾತು. ಆರ್ಟಿಚೋಕ್ ಅನ್ನುವ ಹೆಸರು ಬಂದಿದ್ದು ಅರಬ್ಬಿ ಮಾತಿನಿಂದ, ಗಂಟಲಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಕೂದಲಿಗೆ ಆ ಹೆಸರು ಸರಿಯಾಗೇ ಇದೆ.

ಮಾವನವರು ಎರಡನೇ ತುತ್ತಿಗೇ ಕೆಮ್ಮಲು ಶುರು ಮಾಡಿದರು. ನೀರು ಕುಡಿದರು, ಬಾಳೆಹಣ್ಣು ನುಂಗಿದರು, ಮೊಸರನ್ನದ ಉಂಡೆ ನುಂಗಿದರು. ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. 74 ವರ್ಷದ ಜೀವ. ರಾತ್ರಿಯೆಲ್ಲಾ ಎದ್ದು ಕೂತಿದ್ದರು, ನಾನೂ ಕೂತಿದ್ದೆ. ಬೆಳಿಗ್ಗೆ ಡಾಕ್ಟರ್ ನೋಡಿ, ಏನೂ ಸಿಕ್ಕಿಕೊಂಡಿಲ್ಲ, ಗೀರಿದೆ ಅಷ್ಟೆ ಅಂದರು. ಮಾವನವರು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಉಳಿದಿದ್ದ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಏನವಾ, ಇದು ಕುಸುಬಿ ಜಾತಿದೈತಲ್ಲ. ಇದರ ಮಗ್ಗಿ ಹಂಗ ನುಂಗತಾರೇನು?” ಅಂದರು.

ಅವರು ಹೇಳಿದ್ದು ಖರೆ. ಕುಸುಬಿಯೂ ಆರ್ಟಿಚೋಕೂ ಒಂದೇ ಬಳಗದ ಮುಳ್ಳುಗಿಡಗಳು, ಸೂರ್ಯಕಾಂತಿಯ ದೊಡ್ಡ ಕುಟುಂಬಕ್ಕೆ ಸೇರಿದವು. ನಮ್ಮ ಕಡೆ ಕುಸುಬಿ ಎಳೆಯದಿದ್ದಾಗ ಸೊಪ್ಪು ಕಿತ್ತು ಪಲ್ಯ ಮಾಡುತ್ತೇವೆ. ಬಲಿತ ಮೇಲೆ ದನ ಸಹ ಮೂಸುವುದಿಲ್ಲ, ಅದಕ್ಕೇ ಹೊಲದ ಸುತ್ತ ಬೇಲಿಯ ಹಾಗೆ ಹಾಕುತ್ತಾರೆ. ಕೊಯ್ಯುವುದೂ ಬೆಳಗಿನ ಜಾವ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ. ಇದೆಲ್ಲ ಗೊತ್ತಿರುವ ಮನೆಯ ಸೊಸೆ ನಾನು. ಕ್ಯಾಲಿಫೋರ್ನಿಯಾದ ಆ ಹೊಲ ನೋಡಿದಾಗಲೇ ಇದೆಲ್ಲ ನನಗೆ ಹೊಳೆಯಬೇಕಿತ್ತು.

ಈಗ ನಿಮ್ಮ ಎರಡರ ವಿಷಯ. ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ಭಾರ ಇರಬೇಕು, ಎಲೆ ಒತ್ತಾಗಿ ಮುಚ್ಚಿರಬೇಕು. ಹಿಂಡಿದರೆ ಕಿರ್ ಅಂತ ಸದ್ದು ಬಂದರೆ ತಾಜಾ ಇದೆ ಅಂತ ಅರ್ಥ. ಎಲೆ ಬಿಚ್ಚಿಕೊಂಡು ತುದಿ ಒಣಗಿದ್ದರೆ ಹಳೆಯದು, ಅದನ್ನು ಬೇಯಿಸಿದರೂ ಸುಖವಿಲ್ಲ. ಇವತ್ತೇ ಮಾಡುವುದಿಲ್ಲ ಅಂದರೆ ಸ್ವಲ್ಪ ನೀರು ಚಿಮುಕಿಸಿ ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ. ವಾರದ ಮೇಲೆ ಇಡಬೇಡಿ.

ಮೇಲಿನ ಒಂದು ಇಂಚು ಕೊಯ್ದು ತೆಗೆಯಿರಿ. ಎಲೆಗಳ ಮುಳ್ಳಿನ ತುದಿಯನ್ನು ಕತ್ತರಿಯಿಂದ ಕತ್ತರಿಸಿ. ಕೊಯ್ದ ಕಡೆ ಕೂಡಲೇ ಲಿಂಬೆಹಣ್ಣು ತಿಕ್ಕಿ, ಬದನೆಕಾಯಿಯ ಹಾಗೆ ಇದೂ ಕಪ್ಪಾಗುತ್ತೆ. ತೊಟ್ಟು ಬಿಸಾಡಬೇಡಿ. ಸಿಪ್ಪೆ ಹೆರೆದರೆ ಒಳಗಿನ ತಿರುಳಿಗೂ ಅದೇ ರುಚಿ. ಅಲ್ಯೂಮಿನಿಯಂ ಪಾತ್ರೆ, ಕಬ್ಬಿಣದ ಬಾಣಲೆ ಎರಡೂ ಬೇಡ, ಬಣ್ಣ ಕೆಡುತ್ತೆ. ಸ್ಟೀಲಿನ ಇಡ್ಲಿ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಹಬೆಗಿಡಿ. ಗಡಿಬಿಡಿ ಇದ್ದರೆ ಸ್ಟೀಲ್ ಕುಕ್ಕರಿನಲ್ಲಿ ಒಂದು ಸೀಟಿ ಆದ ಮೇಲೆ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ. ನಡುವಿನ ಎಲೆ ಎಳೆದರೆ ಸಲೀಸಾಗಿ ಕೈಗೆ ಬರಬೇಕು.

ತಿನ್ನುವುದು ನುಗ್ಗೆಕಾಯಿ ತಿಂದ ಹಾಗೆ. ಒಂದೊಂದೇ ಎಲೆ ಕಿತ್ತು, ಬುಡದ ಕಡೆ ಬೆಣ್ಣೆಯಲ್ಲಿ ಅದ್ದಿ, ಹಲ್ಲಿನಲ್ಲಿ ತಿರುಳು ಎಳೆದುಕೊಂಡು ಸಿಪ್ಪೆ ಬಿಡುವುದು. ಒಳಗೆ ಹೋದ ಹಾಗೆ ಎಲೆ ತೆಳ್ಳಗಾಗುತ್ತಾ ಬರುತ್ತೆ. ಕೊನೆಗೆ ಬಟ್ಟಲಿನಂಥ ಬುಡ, ಅದರ ಮೇಲೆ ಆ ಕೂದಲು. ಚಮಚದ ಅಂಚಿನಿಂದ ಕೆರೆದರೆ ಒದ್ದೆ ಹತ್ತಿಯ ಹಾಗೆ ಎದ್ದು ಬರುತ್ತೆ. ಪೂರ್ತಿ ತೆಗೆಯಿರಿ. ಉಳಿದ ಆ ಬುಡಕ್ಕೋಸ್ಕರವೇ ಇಷ್ಟೆಲ್ಲಾ. ರುಚಿ ನನಗೆ ಕುದಿಸಿದ ಹಸಿ ಶೇಂಗಾ ಮತ್ತು ಆಲೂಗಡ್ಡೆಯ ನಡುವೆ ಅನ್ನಿಸುತ್ತೆ. ಇಂಥ ಸಣ್ಣ ರುಚಿಯ ಮೇಲೆ ಗುರೆಳ್ಳು, ಕೆಂಪುಖಾರ ಸುರಿದರೆ ಖಾರ ಒಂದೇ ಉಳಿಯುತ್ತೆ. ಅದಕ್ಕೇ ಕೂದಲು ತೆಗೆದ ಮೇಲೂ ಎಣ್ಣೆಗಾಯಿ ಬೇಡ ಅನ್ನುತ್ತೇನೆ. ಎಣ್ಣೆಗಾಯಿಗೆ ನಮ್ಮ ಮುಳ್ಳುಬದನೆಕಾಯಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಧಾರವಾಡದ ಸೂಪರ್ ಮಾರ್ಕೆಟ್‌ಗೆ ಹೋದರೆ ಬುಟ್ಟಿ ತುಂಬಾ ಸಿಗುತ್ತೆ. ಆರ್ಟಿಚೋಕ್‌ಗೆ ಬೆಣ್ಣೆ, ಬೆಳ್ಳುಳ್ಳಿ, ಲಿಂಬೆ, ಉಪ್ಪು ಸಾಕು.

ಡಬ್ಬಿಯಲ್ಲಿ ಬರುವುದು ಹೇಗೆ ಅಂತಲೂ ಕೇಳಿದ್ದೀರಿ. ಸಣ್ಣವನ್ನು ಸ್ವಚ್ಛ ಮಾಡಿ ಉಪ್ಪುನೀರಿನಲ್ಲಿ ಹಾಕಿರುತ್ತಾರೆ, ಕೂದಲಿನ ಭಯವಿಲ್ಲ. ಚೆನ್ನಾಗಿ ತೊಳೆದು ಬಳಸಿ. ಹುಳಿ ಇರುತ್ತೆ, ರೊಟ್ಟಿಗೆ ಹೊಂದುವುದಿಲ್ಲ. ಜೆರುಸಲೇಂ ಆರ್ಟಿಚೋಕ್ ಅಂತ ಬರೆದಿದ್ದರೆ ಅದು ಬೇರೆಯೇ, ಸೂರ್ಯಕಾಂತಿ ಜಾತಿಯ ಗಡ್ಡೆ. ಇದರ ಬದಲಿಗೆ ತರಬೇಡಿ.

2020ರ ಜನವರಿಯಲ್ಲಿ ನಾನು ಇನ್ನೊಮ್ಮೆ ಎರಡು ತಂದೆ. ಮಾವನವರಿಗೆ ಬೇರೆ ಪಲ್ಯ ಮಾಡಿಟ್ಟಿದ್ದೆ. ಆದರೆ ಅವರೇ ಬಂದು ಪಕ್ಕದಲ್ಲಿ ಕೂತು, “ಕೊಡವಾ ಇಲ್ಲೆ, ನಾ ತೆಗೀತೀನಿ” ಅಂದು ಚಮಚ ಇಸಿದುಕೊಂಡರು. ಮೂರು ಸಲ ಕೆರೆದರು. ಆಮೇಲೆ ಬೆರಳಿನ ತುದಿಯನ್ನು ಬಟ್ಟಲಿನ ಒಳಗೆ ನಿಧಾನಕ್ಕೆ ಸುತ್ತಲೂ ಆಡಿಸಿದರು. ಎರಡು ಕೂದಲು ಸಿಕ್ಕವು, ಕಿತ್ತು ತಟ್ಟೆಯ ಅಂಚಿಗೆ ಅಂಟಿಸಿದರು. ಒಂದು ತುಂಡು ತಿಂದು ನೀರು ಕುಡಿದು, “ನೀರು ಸೀ ಹತ್ತಿತಲ್ಲ!” ಅಂದರು. ಆರ್ಟಿಚೋಕ್ ತಿಂದ ಮೇಲೆ ತುಂಬಾ ಜನರಿಗೆ ನೀರು ಹಾಗೇ ಸಿಹಿ ಅನ್ನಿಸುತ್ತೆ, ಅದರಲ್ಲಿರುವ ಸಿನಾರಿನ್ ಅನ್ನುವ ಅಂಶದಿಂದ. ನಿಮ್ಮ ಮನೆಯವರು ಕೇಳಿದರೆ ಗಾಬರಿ ಬೇಡ ಅಂತ ಹೇಳಿ.

ಎರಡು ಬುಡ ಅಂದರೆ ಒಂದೊಂದಕ್ಕೆ ಮೂರು ತುಂಡು, ಆರು ಜನಕ್ಕೂ ಬರುತ್ತೆ. ಮಕ್ಕಳ ತಟ್ಟೆಗೆ ಹಾಕುವ ಮುಂಚೆ ನೀವೂ ಒಮ್ಮೆ ಬೆರಳು ಆಡಿಸಿ ನೋಡಿ.