ಪೊರೆ ಮಾವಿನಕಾಯಿ ಅಲ್ಲ

ಪ್ರಶ್ನೆ: ಅವ್ವನ ಎರಡೂ ಕಣ್ಣಲ್ಲಿ ಪೊರೆ. ಊರಿನ ಉಚಿತ ಶಿಬಿರದಲ್ಲಿ ಆಪರೇಷನ್ನಿಗೆ ಬರೆದುಕೊಟ್ಟಿದ್ದಾರೆ. ಮನೆಯ ಹಿರಿಯರು ‘ಇನ್ನೂ ಹಣ್ಣಾಗಿಲ್ಲ, ಕಡ್ಲಿ ರಾಶಿ ಮುಗೀಲಿ’ ಅನ್ನುತ್ತಾರೆ. ಕಾಯಬಹುದಾ?
- ರೋಣ ತಾಲ್ಲೂಕಿನ ಓದುಗರು

ಉತ್ತರ: ಹಣ್ಣಾಗೋಕೆ ಅದೇನು ಧಾರವಾಡದ ಆಪೂಸಾ? ತಿಂಗಳಿಗೆ ಎರಡು ಭಾನುವಾರ ಹಳ್ಳಿ ಶಿಬಿರಕ್ಕೆ ಹೋಗುತ್ತೇನೆ, ಈ ಮಾತು ಕೇಳದೆ ವಾಪಸ್ ಬಂದ ನೆನಪಿಲ್ಲ. ಮಾತು ಪೂರ್ತಿ ಸುಳ್ಳಲ್ಲ, ಹಳೆಯದು. ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ಮಾಡುತ್ತಿದ್ದ ಆ ಕಾಲದಲ್ಲಿ ಕಣ್ಣೊಳಗೆ ಲೆನ್ಸ್ ಕೂರಿಸುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ, ಪೊರೆ ತೆಗೆದ ಮೇಲೆ ಸೋಡಾ ಬಾಟಲಿ ತಳದಂಥ ಕನ್ನಡಕವೇ ಗತಿ, ಅದಕ್ಕೇ ಪೂರ್ತಿ ಬೆಳ್ಳಗಾಗಲಿ ಅಂತ ಕಾಯುತ್ತಿದ್ದರು. ಈಗ ಸಣ್ಣ ಸೀಳು, ಅಲ್ಲೇ ಲೆನ್ಸ್.

ಕಾದಷ್ಟೂ ಪೊರೆ ಗಟ್ಟಿಯಾಗುತ್ತದೆ. ತೀರಾ ಬಲಿತರೆ ಉಬ್ಬುತ್ತದೆ, ಇಲ್ಲವೇ ಸೋರುತ್ತದೆ. ಕಣ್ಣಿನ ಒತ್ತಡ ಏರಿ ನರ ಸಾಯುತ್ತದೆ. ಹೋದ ವರ್ಷ ಒಬ್ಬ ಅಜ್ಜಿಯನ್ನು ಕಣ್ಣು ಕೆಂಪು, ತಲೆನೋವು, ವಾಂತಿ ಅಂತ ಐದನೇ ದಿನ ಕರೆತಂದರು. ನಾಲ್ಕು ದಿನ ಪಿತ್ತ ಅಂತ ನಿಂಬೆ ಶರಬತ್ತು ಕುಡಿಸಿದ್ದರಂತೆ. ಪೊರೆ ತೆಗೆದೆ. ಬೆಳಕು ಬರಲಿಲ್ಲ.

ನಿತ್ಯದ ಕೆಲಸಕ್ಕೆ ಅಡ್ಡಿಯಿಲ್ಲದ ಎಳೆಯ ಪೊರೆಗೆ ಅವಸರವಿಲ್ಲ, ನಿಜ. ಆದರೆ ಅವ್ವ ಅಕ್ಕಿ ಆರಿಸಲಾಗದೆ, ಹೊಸ್ತಿಲು ಎಡವುತ್ತಿದ್ದರೆ ಇನ್ನೇನು ಹಣ್ಣಾಗಬೇಕು? ರಾಶಿಯನ್ನು ನೀವು ಮಾಡಿ, ಅವರನ್ನು ಕಳಿಸಿ. ಶುಗರ್, ಬಿಪಿ ಚೀಟಿ ಜೊತೆಗಿರಲಿ. ‘ಆಪರೇಷನ್ ಅಲ್ವಾ’ ಅಂತ ತಾವೇ ಬಿಪಿ ಗುಳಿಗೆ ನಿಲ್ಲಿಸಿ ಬಂದವರನ್ನು ನಾನು ಬಸ್ ಹತ್ತಿಸಿ ವಾಪಸ್ ಕಳಿಸಿದ್ದೇನೆ, ಬೈದುಕೊಂಡೇ ಹೋದರು. ಆಮೇಲೆ ಬರೆದುಕೊಟ್ಟಷ್ಟು ದಿನ ಹನಿ ಹಾಕಿ, ಕಣ್ಣು ಕಂಡಿತು ಅಂತ ಎರಡನೇ ವಾರ ಬಾಟಲಿ ಎಸೆಯಬೇಡಿ. ನೋವು ಜಾಸ್ತಿಯಾದರೆ, ದೃಷ್ಟಿ ಇಳಿದರೆ ಮುಂದಿನ ತಪಾಸಣೆ ತಾರೀಖು ನೋಡದೆ ಅವತ್ತೇ ಬನ್ನಿ.

ಪ್ರಶ್ನೆ: ಜಾತ್ರೆಯಲ್ಲಿ ಪೊರೆ ಕರಗಿಸುವ ಹನಿ ಮಾರುತ್ತಿದ್ದರು. ತಗೋಬಹುದಾ?
- ಹಾವೇರಿ

ಉತ್ತರ: ಮಾರುವವನ ಸಾಲ ಕರಗೀತು, ಪೊರೆಯಲ್ಲ.

ಪ್ರಶ್ನೆ: ಉಚಿತ ಆಪರೇಷನ್ನಿಗೆ ಕಳಪೆ ಲೆನ್ಸ್ ಹಾಕುತ್ತಾರಾ?
- ಹುಬ್ಬಳ್ಳಿ

ಉತ್ತರ: ಮಡಚುವ ಲೆನ್ಸ್ ದುಬಾರಿ, ಮಡಚದ್ದು ಅಗ್ಗ. ಎರಡರಲ್ಲೂ ಕಾಣುತ್ತದೆ.

ಪ್ರಶ್ನೆ: ಜೋಳದ ರವದಿ ತಾಗಿ ತಮ್ಮನ ಕಣ್ಣು ಕೆಂಪಾಗಿದೆ. ಎದೆಹಾಲು ಹಾಕಿದೆವು, ಮೆಡಿಕಲ್ ಶಾಪಿನ ಹನಿಯನ್ನೂ ಹಾಕಿದೆವು. ಮುಂದಿನ ಶಿಬಿರ ಯಾವಾಗ?
- ಗದಗ

ಉತ್ತರ: ಎದೆಹಾಲು ಮಗುವಿಗೆ. ಆ ಹನಿಯಲ್ಲಿ ಸ್ಟೀರಾಯ್ಡ್ ಇದ್ದರೆ ಫಂಗಸ್ ಹಬ್ಬಿ ಕರಿಗುಡ್ಡೆಯೇ ಹುಣ್ಣಾಗಿ ತೂತಾಗಬಹುದು. ಶಿಬಿರ ಗಿಬಿರ ಕಾಯಬೇಡಿ, ಇವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಆ ಬಾಟಲಿಯನ್ನೂ ಒಯ್ಯಿರಿ.